ಕರುಳು ಬೇನೆಯ ಹಿಂದಿನ ವಿಷದ ಬಳೆ

ಮುಂಗಾರಿನ ಎರಡು ಮೂರು ಹದ ಮಳೆ ಬಿದ್ದು, ಬಯಲಲ್ಲಿ ಎಳೆ ಹುಲ್ಲು ಎದ್ದ ವಾರ. ತಿಂಗಳುಗಟ್ಟಲೆ ಒಣ ಕೂಳೆ ಮೇದ ಹಿಂಡು ಆ ಹಸಿರಿಗೆ ಬಾಯಿ ಹಾಕುತ್ತದೆ. ಸಂಜೆ ಹೊಟ್ಟೆ ತುಂಬಿಸಿಕೊಂಡು ಹಟ್ಟಿಗೆ ಬಂದ ಮರಿ ಬೆಳಗ್ಗೆ ಏಳುವುದಿಲ್ಲ. ಕತ್ತು ಹಿಂದಕ್ಕೆ ಬಾಗಿರುತ್ತದೆ. ಕಾಲಿನಿಂದ ನೆಲ ಕೆರೆದ ಗುರುತು ಇರುತ್ತದೆ. ಸತ್ತದ್ದು ಬಡಕಲು ಮರಿಯೂ ಅಲ್ಲ. ಹಿಂಡಿನಲ್ಲೇ ದುಂಡಗಿದ್ದ, ತಾಯಿ ಹಾಲು ಚೆನ್ನಾಗಿ ಕುಡಿದು ಬೆಳೆದ ಮರಿ. ನಿನ್ನೆ ಸಂಜೆವರೆಗೂ ನೆಟ್ಟಗಿತ್ತಲ್ವಾ ಅಂತ ಮನೆಯವರು ಕೇಳುತ್ತಾರೆ. ದೃಷ್ಟಿ ತಾಕಿತು ಅಂತ ಯಾರಾದರೂ ಅಂದರೆ ತಪ್ಪು ಹೇಳಲಾಗದು. ಚೆನ್ನಾಗಿರುವ ಮರಿಯನ್ನೇ ಆರಿಸಿಕೊಂಡು ಹೋದ ಹಾಗೆ ಕಾಣುತ್ತದೆ.

ಕುರಿ ಸಾಕುವವರು ಇದನ್ನು ಕರುಳು ಬೇನೆ ಅನ್ನುತ್ತಾರೆ. ಪಶುವೈದ್ಯರು ಸುಮ್ನೆ ‘ಇ.ಟಿ.’ ಅನ್ನುತ್ತಾರೆ, ಅಂದರೆ ಎಂಟೆರೋಟಾಕ್ಸೀಮಿಯಾ, ಕರುಳಿನ ವಿಷ ರಕ್ತಕ್ಕೆ ಸೇರುವ ಕಾಯಿಲೆ. 2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ ಸುಮಾರು 1.1 ಕೋಟಿ ಕುರಿಗಳಿವೆ. ತೆಲಂಗಾಣ, ಆಂಧ್ರ ಬಿಟ್ಟರೆ ನಮ್ಮದೇ ದೊಡ್ಡ ಹಿಂಡು. ಹಾಗಾಗಿ ಈ ಕಾಯಿಲೆ ನಮಗೆ ದೂರದ ಮಾತಲ್ಲ. ಆದರೆ ಇದರ ಒಳಗೆ ಏನು ನಡೆಯುತ್ತದೆ ಅನ್ನುವುದು ಸರಿಯಾಗಿ ಗೊತ್ತಾದದ್ದು ತೀರಾ ಇತ್ತೀಚೆಗೆ. ಅದು ಕುರಿಯ ಕಥೆಯಾಗಿ ಮಾತ್ರ ಉಳಿದಿಲ್ಲ. ಕೋಳಿ ಫಾರಂ, ಮದುವೆ ಮನೆಯ ಅಡುಗೆ, ನಾವು ನುಂಗುವ ಆಂಟಿಬಯೋಟಿಕ್, ಎಲ್ಲವೂ ಇದರಲ್ಲಿ ಬಂದು ಸೇರುತ್ತವೆ.

ಕಾಯಿಲೆ ತರುವ ಬ್ಯಾಕ್ಟೀರಿಯಾದ ಹೆಸರು ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್. ಹೆಸರು ಬಾಯಿಗೆ ಕಷ್ಟ, ಆದರೆ ಜೀವಿ ಅಪರೂಪದ್ದೇನಲ್ಲ. ಮಣ್ಣಿನಲ್ಲಿದೆ, ಸಗಣಿಯಲ್ಲಿದೆ, ಕುರಿ, ಕೋಳಿ, ಹಂದಿ, ಮನುಷ್ಯರ ಕರುಳಿನಲ್ಲೂ ಇದೆ. ಅಮೆರಿಕದ ಬಾಲ್ಟಿಮೋರ್‌ನಲ್ಲಿ ವಿಲಿಯಂ ವೆಲ್ಚ್ ಮತ್ತು ಜಾರ್ಜ್ ನಟಾಲ್ 1892ರಲ್ಲಿ ಇದನ್ನು ಮೊದಲು ವಿವರಿಸಿದರು. ಗಾಳಿ ಇಲ್ಲದ ಕಡೆ ಇದು ಬೆಳೆಯುತ್ತದೆ. ಪರಿಸ್ಥಿತಿ ಕೆಟ್ಟರೆ ಗಟ್ಟಿ ಬೀಜದಂಥ ಸ್ಪೋರ್ ಆಗಿ ಕೂರುತ್ತದೆ. ಒಳ್ಳೆಯ ಊಟ, ಹದವಾದ ಬಿಸಿ ಸಿಕ್ಕರೆ ಹತ್ತು ನಿಮಿಷದೊಳಗೆ ಒಂದು ಎರಡಾಗುತ್ತದೆ. ಹತ್ತು ನಿಮಿಷ ಅಂತಲೇ ಹಿಡಿದು ಲೆಕ್ಕ ಹಾಕಿ. ಐದು ಗಂಟೆಯಲ್ಲಿ ಒಂದು ಕೋಶ ನೂರು ಕೋಟಿ ದಾಟುತ್ತದೆ. ರಾತ್ರಿ ಮಲಗಿದ ಮರಿ ಬೆಳಗ್ಗೆ ಇಲ್ಲ ಅನ್ನುವುದರ ಅರ್ಥ ಈ ಲೆಕ್ಕದಲ್ಲಿದೆ.

2002ರಲ್ಲಿ ಜಪಾನಿನ ವಿಜ್ಞಾನಿಗಳು ಇದರ ಒಂದು ತಳಿಯ ಪೂರ್ತಿ ಡಿಎನ್‌ಎ ಓದಿ ಮುಗಿಸಿದರು. ಸುಮಾರು 30 ಲಕ್ಷ ಅಕ್ಷರಗಳ ಒಂದು ದೊಡ್ಡ ಸುತ್ತು. ಅದರಲ್ಲಿ ಒಂದು ವಿಷಯ ಎದ್ದು ಕಂಡಿತು. ಪ್ರೋಟೀನ್ ಕಟ್ಟಲು ಬೇಕಾದ ಎಷ್ಟೋ ಅಮೈನೋ ಆಮ್ಲಗಳನ್ನು ತಾನೇ ತಯಾರಿಸಿಕೊಳ್ಳುವ ಶಕ್ತಿ ಇದಕ್ಕಿಲ್ಲ. ಅಂದರೆ ಇದರ ಅಡುಗೆಮನೆಯಲ್ಲಿ ಒಲೆಯೇ ಇಲ್ಲ. ಬೇರೆಯವರು ಬೇಯಿಸಿದ್ದನ್ನೇ ತಿನ್ನಬೇಕು. ಹಾಗೆ ನೋಡಿದರೆ ವಿಷ ಇದಕ್ಕೆ ಊಟ ಬಿಡಿಸಿಕೊಳ್ಳುವ ಕತ್ತಿ. ಜೀವಕೋಶ ಒಡೆದರೆ ಒಳಗಿನದೆಲ್ಲ ಇದಕ್ಕೆ ಸಿಗುತ್ತದೆ.

ಆ ಕತ್ತಿ ಎಲ್ಲಿದೆ ಅನ್ನುವುದೇ ಮುಖ್ಯ ಪ್ರಶ್ನೆ. ಕೆಲವು ವಿಷಗಳ ಜೀನ್ ಆ ದೊಡ್ಡ ಸುತ್ತಿನಲ್ಲೇ, ಅಂದರೆ ಕ್ರೋಮೋಸೋಮಿನಲ್ಲೇ ಇದೆ. ಆಲ್ಫಾ ಅನ್ನುವ ವಿಷ ಹಾಗೆ. ಅದು ಹೆಚ್ಚು ಕಡಿಮೆ ಈ ಜಾತಿಯ ಎಲ್ಲ ಬ್ಯಾಕ್ಟೀರಿಯಾದಲ್ಲೂ ಇರುತ್ತದೆ. ಆದರೆ ಕುರಿ ಮರಿಯನ್ನು ಒಂದೇ ರಾತ್ರಿಯಲ್ಲಿ ಕೊಲ್ಲುವ ಎಪ್ಸಿಲಾನ್ ವಿಷ ಅಲ್ಲಿಲ್ಲ. ಅದು ಪಕ್ಕದಲ್ಲಿ ತೇಲುವ ಇನ್ನೊಂದು ಚಿಕ್ಕ ಡಿಎನ್‌ಎ ಬಳೆಯಲ್ಲಿದೆ. ಇಂಥ ಬಳೆಗೆ ಜೋಶುವಾ ಲೆಡರ್‌ಬರ್ಗ್ 1952ರಲ್ಲಿ ಪ್ಲಾಸ್ಮಿಡ್ ಅಂತ ಹೆಸರಿಟ್ಟರು. ಈ ಬ್ಯಾಕ್ಟೀರಿಯಾದ ವಿಷದ ಪ್ಲಾಸ್ಮಿಡ್‌ಗಳು ಸಾಮಾನ್ಯವಾಗಿ 50 ಸಾವಿರದಿಂದ ಒಂದೂಕಾಲು ಲಕ್ಷ ಅಕ್ಷರಗಳಷ್ಟು ಉದ್ದ. ದೊಡ್ಡ ಸುತ್ತಿನ ಮುಂದೆ ಏನೇನೂ ಅಲ್ಲ. ಬಳೆ ಅನ್ನುವ ಮಾತನ್ನು ಬೇಕಂತಲೇ ಬಳಸುತ್ತಿದ್ದೇನೆ. ತೊಡಬಹುದು, ಕಳಚಬಹುದು, ಇನ್ನೊಬ್ಬರ ಕೈಗೂ ತೊಡಿಸಬಹುದು. ಪ್ಲಾಸ್ಮಿಡ್ ಮಾಡುವುದೂ ಈ ಮೂರೇ ಕೆಲಸ.

ಪಶುವೈದ್ಯರು ಈ ಬ್ಯಾಕ್ಟೀರಿಯಾವನ್ನು ಬಹಳ ಕಾಲ ಎ, ಬಿ, ಸಿ, ಡಿ, ಇ ಅಂತ ಐದು ಟೈಪ್ ಮಾಡಿದ್ದರು. ಆಲ್ಫಾ ಮಾತ್ರ ಇದ್ದರೆ ಎ. ಜೊತೆಗೆ ಬೀಟಾ ಇದ್ದರೆ ಸಿ. ಎಪ್ಸಿಲಾನ್ ಇದ್ದರೆ ಡಿ. ಎರಡೂ ಇದ್ದರೆ ಬಿ. ಅಯೋಟಾ ಇದ್ದರೆ ಇ. 2018ರಲ್ಲಿ ಎಫ್ ಮತ್ತು ಜಿ ಸೇರಿ ಏಳಾದವು. ಓದುವಾಗ ಇವು ಬೇರೆ ಬೇರೆ ಕುಲ ಅನ್ನಿಸುತ್ತದೆ. ಹಾಗಲ್ಲ. ಬೀಟಾ, ಎಪ್ಸಿಲಾನ್, ಅಯೋಟಾ ಮೂರೂ ಬಳೆಯ ಮೇಲಿನ ವಿಷಗಳು. ಟೈಪ್ ಡಿ ಬ್ಯಾಕ್ಟೀರಿಯಾ ತನ್ನ ಬಳೆ ಕಳಕೊಂಡರೆ ಆ ಕ್ಷಣವೇ ಅದು ಟೈಪ್ ಎ. ಪ್ರಯೋಗಾಲಯದಲ್ಲಿ ಮತ್ತೆ ಮತ್ತೆ ಬೆಳೆಸುವಾಗ ಹೀಗಾಗುವುದುಂಟು. ಲಸಿಕೆ ಮಾಡುವುದು ಈ ವಿಷದಿಂದಲೇ. ತಯಾರಿಸುವವರು ತಮ್ಮ ಮೂಲ ತಳಿ ಇನ್ನೂ ಎಪ್ಸಿಲಾನ್ ಸುರಿಸುತ್ತಿದೆಯಾ ಅಂತ ಆಗಾಗ ನೋಡಿಕೊಳ್ಳಬೇಕಾದದ್ದು ಇದಕ್ಕೇ. ಸುಮಾರು ನೂರು ವರ್ಷದಿಂದ ನಾವು ಬ್ಯಾಕ್ಟೀರಿಯಾವನ್ನು ವಿಂಗಡಿಸುತ್ತಿದ್ದೇವೆ ಅಂದುಕೊಂಡಿದ್ದೆವು. ನಿಜದಲ್ಲಿ ವಿಂಗಡಿಸುತ್ತಿದ್ದದ್ದು ಅವುಗಳ ಕೈಬಳೆಗಳನ್ನು.

ಈಗ ಮರಿಯ ಹೊಟ್ಟೆಗೆ ಬರೋಣ. ಒಣ ಮೇವಿಗೆ ಒಗ್ಗಿದ ಕರುಳಿಗೆ ಒಮ್ಮೆಲೇ ಎಳೆ ಹುಲ್ಲು, ಕಾಳು, ಹಿಂಡಿ ಅಥವಾ ವಿಪರೀತ ಹಾಲು ಬೀಳುತ್ತದೆ. ಎಲ್ಲವೂ ಜೀರ್ಣವಾಗುವುದಿಲ್ಲ. ಉಳಿದ ಪಿಷ್ಟ, ಸಕ್ಕರೆ ಸಣ್ಣ ಕರುಳಿಗೆ ಇಳಿಯುತ್ತದೆ. ಅಲ್ಲಿ ಬೆರಳೆಣಿಕೆಯಲ್ಲಿ ಸುಮ್ಮನಿದ್ದ ಟೈಪ್ ಡಿಗೆ ಅದು ಹಬ್ಬ. ಹೆಚ್ಚು ಮೇದ ಮರಿಗೇ ಹೆಚ್ಚು ಅಪಾಯ ಯಾಕೆ ಅನ್ನುವುದಕ್ಕೆ ಇದೇ ಕಾರಣ. ಬ್ಯಾಕ್ಟೀರಿಯಾ ಬಿಡುವ ಎಪ್ಸಿಲಾನ್ ಮೊದಲಿಗೆ ಅಷ್ಟೇನೂ ಚುರುಕಲ್ಲ. ಅದರ ತುದಿಯಲ್ಲಿ ಒಂದು ಮುಚ್ಚಳದಂಥ ತುಂಡು ಇರುತ್ತದೆ. ಆ ತುಂಡನ್ನು ಕತ್ತರಿಸುವುದು ಮರಿಯದೇ ಜೀರ್ಣರಸದಲ್ಲಿರುವ ಟ್ರಿಪ್ಸಿನ್. ಊಟ ಅರಗಿಸಬೇಕಾದ ರಸವೇ ವಿಷವನ್ನು ಎಬ್ಬಿಸುತ್ತದೆ. ಎದ್ದ ವಿಷ ರಕ್ತಕ್ಕೆ ಸೇರಿ ಮಿದುಳಿಗೆ, ಮೂತ್ರಪಿಂಡಕ್ಕೆ ಹೋಗುತ್ತದೆ. ಏಳು ಏಳು ಅಣುಗಳು ಸುತ್ತು ಕಟ್ಟಿ ಜೀವಕೋಶದ ಗೋಡೆಯಲ್ಲಿ ತೂತು ಕೊರೆಯುತ್ತವೆ. ಮಿದುಳಿನ ರಕ್ತನಾಳ ಸೋರುತ್ತದೆ, ಮಿದುಳು ಊದುತ್ತದೆ. ಕತ್ತು ಹಿಂದಕ್ಕೆ ಬಾಗುವುದು ಅದಕ್ಕೇ. ಕ್ಲಾಸ್ಟ್ರಿಡಿಯಂ ಗುಂಪಿನಲ್ಲಿ ಬೊಟುಲಿನಂ, ಟೆಟನಸ್ ಬಿಟ್ಟರೆ ಇದಕ್ಕಿಂತ ತೀಕ್ಷ್ಣವಾದ ವಿಷ ಇಲ್ಲ.

ಇದೇ ಟ್ರಿಪ್ಸಿನ್ ಬೀಟಾ ವಿಷದ ವಿಚಾರದಲ್ಲಿ ಪೂರ್ತಿ ಉಲ್ಟಾ ಕೆಲಸ ಮಾಡುತ್ತದೆ. ಬೀಟಾವನ್ನು ಅದು ಒಡೆದು ಹಾಕುತ್ತದೆ. ಹಾಗಾದರೆ ಬೀಟಾದಿಂದ ತೊಂದರೆಯೇ ಇಲ್ಲ ಅಲ್ವಾ? ಟ್ರಿಪ್ಸಿನ್ ಇದ್ದರೆ ಇಲ್ಲ. ಟ್ರಿಪ್ಸಿನ್ ಸಾಲದಿದ್ದರೆ ಏನಾಗುತ್ತದೆ ಅನ್ನುವುದನ್ನು ಪಾಪುವಾ ನ್ಯೂಗಿನಿಯ ಬೆಟ್ಟದ ಜನ ತಮ್ಮ ಮಕ್ಕಳನ್ನು ಕಳಕೊಂಡು ಕಂಡರು.

ಅಲ್ಲಿನ ಮುಖ್ಯ ಊಟ ಗೆಣಸು. ಮಾಂಸ ಅಪರೂಪ. ದೊಡ್ಡ ಹಬ್ಬ ಬಂದಾಗ ಹಂದಿ ಕಡಿದು, ಎಲ್ಲರೂ ಹೊಟ್ಟೆ ತುಂಬ ತಿನ್ನುತ್ತಾರೆ. ಆಮೇಲೆ ಕೆಲವು ಮಕ್ಕಳಿಗೆ ಹೊಟ್ಟೆನೋವು, ರಕ್ತಭೇದಿ. ಕರುಳು ತುಂಡು ತುಂಡಾಗಿ ಕೊಳೆಯುತ್ತಿತ್ತು, ಎಷ್ಟೋ ಮಕ್ಕಳು ಬದುಕುತ್ತಿರಲಿಲ್ಲ. ಜನ ಇದಕ್ಕೆ ಪಿಗ್‌ಬೆಲ್ ಅನ್ನುತ್ತಿದ್ದರು. 1960ರ ದಶಕದಲ್ಲಿ ವೈದ್ಯರು ಇದರ ಬೆನ್ನು ಹತ್ತಿದರು. ಕಾರಣ ಟೈಪ್ ಸಿ, ಅದರ ಬೀಟಾ ವಿಷ. ಆದರೆ ಬ್ಯಾಕ್ಟೀರಿಯಾ ಒಂದೇ ಸಾಲದು. ವರ್ಷವಿಡೀ ಪ್ರೋಟೀನ್ ಕಡಿಮೆ ಇರುವ ಊಟದಿಂದ ಮಕ್ಕಳ ಕರುಳಿನಲ್ಲಿ ಟ್ರಿಪ್ಸಿನ್ ಕಡಿಮೆ. ಇದ್ದ ಸ್ವಲ್ಪವನ್ನೂ ತಡೆಯುವ ವಸ್ತು ಗೆಣಸಿನಲ್ಲಿದೆ. ಹೊಟ್ಟೆಯ ಜಂತುಹುಳು ಕೂಡ ಟ್ರಿಪ್ಸಿನ್ ತಡೆಯುವ ರಸ ಬಿಡುತ್ತದೆ. ಮೂರೂ ಸೇರಿದ ಹೊಟ್ಟೆಗೆ ಹಬ್ಬದ ಮಾಂಸ ಬಿತ್ತು. ಕಾವಲುಗಾರನಿಲ್ಲದ ಮನೆಗೆ ಕಳ್ಳ ನುಗ್ಗಿದ ಹಾಗಾಯಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ, 1946ರಿಂದ 1949ರವರೆಗೆ, ಹಸಿದ ಉತ್ತರ ಜರ್ಮನಿಯಲ್ಲೂ ಇದೇ ಕಾಯಿಲೆ ಕಂಡಿತ್ತು. ಅಲ್ಲಿನವರು ಅದನ್ನು ‘ಕರುಳಿನ ಬೆಂಕಿ’ ಅನ್ನುವ ಅರ್ಥದ ಹೆಸರಿನಿಂದ ಕರೆದರು.

ನನಗೆ ಈ ಇತಿಹಾಸ ಬಹಳ ಕಾಡುತ್ತದೆ. ಬಳೆ ಒಂದೇ, ವಿಷ ಒಂದೇ. ಆದರೆ ಅದು ಕೊಲ್ಲಲು ಆರಿಸಿಕೊಂಡದ್ದು ಊಟ ಕಡಿಮೆ ಇದ್ದ ಮಕ್ಕಳನ್ನು. 1980ರಲ್ಲಿ ಪಾಪುವಾ ನ್ಯೂಗಿನಿಯಲ್ಲಿ ಬೀಟಾ ವಿಷದ ವಿರುದ್ಧ ಲಸಿಕೆ ಹಾಕಲು ಶುರು ಮಾಡಿದ ಮೇಲೆ ಆಸ್ಪತ್ರೆಗೆ ಬರುವ ಪಿಗ್‌ಬೆಲ್ ಮಕ್ಕಳ ಸಂಖ್ಯೆ ಇಳಿಯಿತು. ಆ ಲಸಿಕೆ ಬ್ಯಾಕ್ಟೀರಿಯಾವನ್ನು ತಡೆಯುತ್ತಿರಲಿಲ್ಲ. ಅದು ಮಣ್ಣಲ್ಲೂ ಹಂದಿಯಲ್ಲೂ ಹಾಗೇ ಉಳಿಯಿತು. ತಡೆದದ್ದು ಬಳೆಯಿಂದ ಹೊರಬಂದ ವಿಷವನ್ನು ಮಾತ್ರ. ಅಷ್ಟೇ ಸಾಕಾಯಿತು.

ಬಳೆ ಒಂದು ಕೋಶದಿಂದ ಇನ್ನೊಂದಕ್ಕೆ ಹೇಗೆ ಹೋಗುತ್ತದೆ? ಇದನ್ನು ಬಿಡಿಸಿದ್ದು ಹೆಚ್ಚಾಗಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯದಲ್ಲಿ ಜೂಲಿಯನ್ ರೂಡ್ ಅವರ ತಂಡ. ಅವರು ಮೊದಲು ಹಿಡಿದದ್ದು ವಿಷದ ಬಳೆಯನ್ನಲ್ಲ. ಟೆಟ್ರಾಸೈಕ್ಲಿನ್ ಅನ್ನುವ ಆಂಟಿಬಯೋಟಿಕ್‌ಗೆ ಜಗ್ಗದ ಶಕ್ತಿ ಕೊಡುವ, ಸುಮಾರು 47 ಸಾವಿರ ಅಕ್ಷರಗಳ ಪಿಸಿಡಬ್ಲ್ಯೂ3 ಅನ್ನುವ ಬಳೆಯನ್ನು. ಅದರಲ್ಲಿ ಒಂದು ಜೀನ್ ಸಾಲು ಸಿಕ್ಕಿತು. ಎರಡು ಕೋಶಗಳು ಅಂಟಿಕೊಂಡಾಗ ಬಳೆಯ ಒಂದು ಪ್ರತಿಯನ್ನು ಆ ಕಡೆ ದಾಟಿಸುವ ಯಂತ್ರ ಅದು. ಆಮೇಲೆ ವಿಷದ ಬಳೆಗಳನ್ನು ಓದಿ ನೋಡಿದರೆ ಅವುಗಳಲ್ಲೂ ಅದೇ ಯಂತ್ರ. ಬಸ್ಸು ಒಂದೇ, ಒಳಗಿನ ಪ್ರಯಾಣಿಕ ಮಾತ್ರ ಬೇರೆ. ಒಂದರಲ್ಲಿ ಔಷಧಿ ಎದುರಿಸುವ ಜೀನ್, ಇನ್ನೊಂದರಲ್ಲಿ ಎಪ್ಸಿಲಾನ್, ಮತ್ತೊಂದರಲ್ಲಿ ಬೇರೆ ವಿಷ. 2007ರಲ್ಲಿ ಟೈಪ್ ಡಿಯ ಎಪ್ಸಿಲಾನ್ ಬಳೆ ನಿಜಕ್ಕೂ ಒಂದು ಕೋಶದಿಂದ ಇನ್ನೊಂದಕ್ಕೆ ದಾಟುತ್ತದೆ ಅಂತ ಪ್ರಯೋಗದಲ್ಲೇ ತೋರಿಸಲಾಯಿತು. ನಿರುಪದ್ರವಿ ಅಂತ ಬಿಟ್ಟಿದ್ದ ಬ್ಯಾಕ್ಟೀರಿಯಾ ಪಕ್ಕದವನ ಬಳೆ ತೊಟ್ಟು ಕೊಲೆಗಾರನಾಗಬಹುದು.

ಸಾಮಾನ್ಯವಾಗಿ ಒಂದೇ ಮನೆತನದ ಎರಡು ಪ್ಲಾಸ್ಮಿಡ್ ಒಂದೇ ಕೋಶದಲ್ಲಿ ಬಹಳ ದಿನ ಬಾಳುವುದಿಲ್ಲ. ಒಂದು ಇನ್ನೊಂದನ್ನು ಹೊರಗಟ್ಟುತ್ತದೆ. ಈ ಬ್ಯಾಕ್ಟೀರಿಯಾ ಆ ತೊಡಕನ್ನೂ ದಾಟಿದೆ. ಕೋಶ ಒಡೆದು ಎರಡಾಗುವಾಗ ಬಳೆಗಳನ್ನು ಹಂಚುವ ಜೀನುಗಳು ಒಂದೊಂದು ಬಳೆಯಲ್ಲಿ ಒಂದೊಂದು ಬಗೆ. ಹಾಗಾಗಿ ಅವುಗಳ ನಡುವೆ ಜಗಳವಿಲ್ಲ. 2011ರಲ್ಲಿ ಇದೇ ತಂಡ ಕಾಯಿಲೆ ಬಿದ್ದ ಕೋಳಿಯ ಕರುಳಿನಿಂದ ತೆಗೆದ ಒಂದು ತಳಿಯನ್ನು ವಿವರಿಸಿತು. ಅದರಲ್ಲಿ ಒಂದೇ ಥರದ ಮೂರು ಬಳೆ. ಒಂದರಲ್ಲಿ ಟೆಟ್ರಾಸೈಕ್ಲಿನ್ ಎದುರಿಸುವ ಜೀನ್. ಎರಡನೆಯದರಲ್ಲಿ ನೆಟ್‌ಬಿ ಅನ್ನುವ ವಿಷ. ಮೂರನೆಯದರಲ್ಲಿ ಬೀಟಾ-2 ಅನ್ನುವ ಇನ್ನೊಂದು ವಿಷ. ಮೂರೂ ತಮ್ಮ ಪಾಡಿಗೆ ತಾವು ಬೇರೆ ಕೋಶಕ್ಕೆ ದಾಟಬಲ್ಲವು.

ನೆಟ್‌ಬಿ ಗೊತ್ತಾದದ್ದು 2008ರಲ್ಲಿ, ಅದೂ ಆಸ್ಟ್ರೇಲಿಯಾದಲ್ಲೇ. ಕೋಳಿಗಳ ಕರುಳು ಕೊಳೆಯುವ ಕಾಯಿಲೆಗೆ ಆಲ್ಫಾ ವಿಷವೇ ಕಾರಣ ಅಂತ ಅಲ್ಲಿಯವರೆಗೆ ಎಲ್ಲರೂ ನಂಬಿದ್ದರು. ಸಂಶೋಧಕರು ಆಲ್ಫಾ ಜೀನ್ ಕಿತ್ತು ಹಾಕಿದ ಬ್ಯಾಕ್ಟೀರಿಯಾ ಕೊಟ್ಟರೂ ಕೋಳಿಗೆ ಕಾಯಿಲೆ ಬಂತು. ನೆಟ್‌ಬಿ ಕಿತ್ತಾಗ ಬರಲಿಲ್ಲ. ಅದನ್ನೇ ವಾಪಸ್ ಸೇರಿಸಿದಾಗ ಮತ್ತೆ ಬಂತು. ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ. ಎಲ್ಲರೂ ಕ್ರೋಮೋಸೋಮನ್ನು ನೋಡುತ್ತಿದ್ದಾಗ ಅಪರಾಧಿ ಬಳೆಯಲ್ಲಿ ಕೂತಿದ್ದ.

ಆಂಟಿಬಯೋಟಿಕ್ ಪ್ರಶ್ನೆ ಬರುವುದು ಇಲ್ಲೇ. ಆ ಮೂರು ಬಳೆಯ ತಳಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಕೋಳಿಯ ಮೇವಿನಲ್ಲಿ ದಿನಾ ಸ್ವಲ್ಪ ಸ್ವಲ್ಪ ಟೆಟ್ರಾಸೈಕ್ಲಿನ್ ಬೆರೆಸಿದರೆ ಏನಾಗುತ್ತದೆ? ಔಷಧಿಗೆ ಬಗ್ಗುವ ಸಾಧು ಬ್ಯಾಕ್ಟೀರಿಯಾ ಸಾಯುತ್ತವೆ. ಜಾಗ ಖಾಲಿಯಾಗುತ್ತದೆ. ಉಳಿದು ಹೆಚ್ಚುವುದು ಟೆಟ್ರಾಸೈಕ್ಲಿನ್ ಬಳೆ ತೊಟ್ಟವು. ಅದೇ ಕೋಶದಲ್ಲಿ ನೆಟ್‌ಬಿ ಬಳೆಯೂ ಇದ್ದರೆ ಅದಕ್ಕೂ ಪುಕ್ಕಟೆ ಲಾಭ. ನಾವು ಔಷಧಿ ಕೊಡುತ್ತಿದ್ದೇವೆ ಅಂದುಕೊಳ್ಳುತ್ತೇವೆ. ಕೊಡುತ್ತಿರುವುದು ವಿಷಕ್ಕೆ ಗೊಬ್ಬರ.

ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು, ಇಲ್ಲದಿದ್ದರೆ ಕೋಳಿ ಸಾಕುವವರಿಗೆ ಅನ್ಯಾಯವಾಗುತ್ತದೆ. ಮೇವಿನ ಆಂಟಿಬಯೋಟಿಕ್ ಬಹಳ ವರ್ಷ ಈ ಕಾಯಿಲೆಯನ್ನು ಅದುಮಿ ಇಟ್ಟಿದ್ದು ನಿಜ. 2006ರ ಜನವರಿ 1ರಿಂದ ಯುರೋಪ್ ಒಕ್ಕೂಟ ಬೆಳವಣಿಗೆಗಾಗಿ ಮೇವಿಗೆ ಆಂಟಿಬಯೋಟಿಕ್ ಬೆರೆಸುವುದನ್ನು ನಿಲ್ಲಿಸಿದಾಗ, ಕರುಳು ಕೊಳೆಯುವ ಕಾಯಿಲೆ ಅಲ್ಲಿ ಮತ್ತೆ ತಲೆ ಎತ್ತಿತು. ಆದರೆ ಅಲ್ಲಿನವರು ಕೈಚೆಲ್ಲಲಿಲ್ಲ. ಈ ಬ್ಯಾಕ್ಟೀರಿಯಾಗೆ ದಾರಿ ಮಾಡಿಕೊಡುವುದು ಹೆಚ್ಚಾಗಿ ಕಾಕ್ಸಿಡಿಯಾ ಅನ್ನುವ ಪರಾವಲಂಬಿ. ಅದು ಕರುಳಿನ ಒಳಪದರವನ್ನು ಮೊದಲೇ ಗಾಯ ಮಾಡಿರುತ್ತದೆ. ಅದಕ್ಕೆ ಲಸಿಕೆ ಹಾಕಿದರು. ಮೇವಿನಲ್ಲಿ ಮೀನಿನ ಪುಡಿಯಂಥ ಪ್ರಾಣಿ ಪ್ರೋಟೀನ್ ಕಡಿಮೆ ಮಾಡಿದರು. ಕೋಳಿ ಕೂರುವ ಹಾಸು ಒಣಗಿರುವಂತೆ ನೋಡಿಕೊಂಡರು. ಇದು ಚೀಲ ಬಿಚ್ಚಿ ಪುಡಿ ಸುರಿದಷ್ಟು ಸುಲಭ ಅಲ್ಲ, ಖರ್ಚೂ ಜಾಸ್ತಿ. ಆ ಖರ್ಚನ್ನು ಸಾಕುವವರ ತಲೆಗೇ ಕಟ್ಟಿ ನಿಯಮ ಮಾತ್ರ ಬಿಗಿ ಮಾಡಿದರೆ ನಡೆಯದು ಅನ್ನುವುದು ನನ್ನ ಅಭಿಪ್ರಾಯ.

ನಮ್ಮ ದೇಶವೂ ಬಳೆಗೆ ಹೆದರಿ ಒಂದು ಹೆಜ್ಜೆ ಇಟ್ಟಿದೆ. ಕೊಲಿಸ್ಟಿನ್ ಅನ್ನುವ ಕೊನೆಯ ಸಾಲಿನ ಔಷಧಿಯನ್ನು ಎದುರಿಸುವ ಜೀನ್ ಒಂದು ಪ್ಲಾಸ್ಮಿಡ್ ಮೇಲೆ ಕೂತು ಓಡಾಡುತ್ತಿದೆ ಅಂತ 2015ರಲ್ಲಿ ಚೀನಾದಿಂದ ಸುದ್ದಿ ಬಂತು. 2019ರ ಜುಲೈನಲ್ಲಿ ಭಾರತ ಸರ್ಕಾರ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ತಯಾರಿಸುವುದನ್ನು, ಮಾರುವುದನ್ನು ನಿಷೇಧಿಸಿತು. ಆ ಜೀನ್ ಇದ್ದದ್ದು ಬೇರೆ ಬ್ಯಾಕ್ಟೀರಿಯಾದಲ್ಲಿ, ಇ. ಕೋಲಿಯಲ್ಲಿ. ಆದರೆ ಭಯದ ಕಾರಣ ಅದೇ: ಕ್ರೋಮೋಸೋಮಿನಲ್ಲಿದ್ದರೆ ಮನೆಯೊಳಗೇ ಇರುತ್ತದೆ, ಬಳೆಯಲ್ಲಿದ್ದರೆ ಊರೆಲ್ಲ ತಿರುಗುತ್ತದೆ.

ಮನುಷ್ಯರ ಹೊಟ್ಟೆಯ ಕಥೆಯಲ್ಲೂ ಈ ವ್ಯತ್ಯಾಸ ಕಾಣುತ್ತದೆ. ದೊಡ್ಡ ಸಮಾರಂಭಕ್ಕೆ ಹಂಡೆಗಟ್ಟಲೆ ಮಾಂಸದ ಸಾರು ಮಾಡಿ, ಗಂಟೆಗಟ್ಟಲೆ ಹಾಗೇ ಬಿಟ್ಟು ಬಡಿಸಿದಾಗ, ಆರರಿಂದ ಇಪ್ಪತ್ನಾಲ್ಕು ಗಂಟೆಯೊಳಗೆ ಹೊಟ್ಟೆ ಹಿಂಡಿ ಭೇದಿಯಾಗುವುದುಂಟು. ಸಾಮಾನ್ಯವಾಗಿ ಒಂದು ದಿನದಲ್ಲಿ ಕಡಿಮೆಯಾಗುತ್ತದೆ. ಇದಕ್ಕೆ ಕಾರಣ ಟೈಪ್ ಎಫ್‌ನ ವಿಷ. ಅದರ ಜೀನ್ ಕೆಲವು ತಳಿಯಲ್ಲಿ ಕ್ರೋಮೋಸೋಮಿನಲ್ಲಿದೆ, ಕೆಲವದರಲ್ಲಿ ಪ್ಲಾಸ್ಮಿಡ್‌ನಲ್ಲಿದೆ. ಊಟದಿಂದ ಬರುವ ಕಾಯಿಲೆಯಲ್ಲಿ ಹೆಚ್ಚಾಗಿ ಸಿಗುವುದು ಕ್ರೋಮೋಸೋಮಿನ ತಳಿ. ಅದರ ಸ್ಪೋರ್ ಕುದಿಯುವ ಸಾರಿನಲ್ಲೂ ಬಹಳ ಹೊತ್ತು ಸಾಯುವುದಿಲ್ಲ. ಆಂಟಿಬಯೋಟಿಕ್ ತಿಂದ ಮೇಲೆ, ಅದರಲ್ಲೂ ವಯಸ್ಸಾದವರಲ್ಲಿ, ಶುರುವಾಗಿ ದಿನಗಟ್ಟಲೆ ಬಿಡದ ಭೇದಿಯಲ್ಲಿ ಸಿಗುವುದು ಹೆಚ್ಚಾಗಿ ಪ್ಲಾಸ್ಮಿಡ್ ತಳಿ. ವಿಷ ಒಂದೇ ಆದರೂ ಜೀನ್ ಕೂತಿರುವ ಜಾಗ ಬೇರೆಯಾದರೆ ಕಾಯಿಲೆಯ ದಾರಿಯೂ ಬೇರೆ. ಎಪ್ಸಿಲಾನ್ ಬಗ್ಗೆಯೂ ಈಗ ಮನುಷ್ಯ ವೈದ್ಯರು ಕಣ್ಣಿಟ್ಟಿದ್ದಾರೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನುವ ನರರೋಗ ಇರುವವರ ಕರುಳಿನಲ್ಲಿ ಎಪ್ಸಿಲಾನ್ ಜೀನ್ ಇರುವ ಬ್ಯಾಕ್ಟೀರಿಯಾ ಜಾಸ್ತಿ ಸಿಕ್ಕಿತು ಅಂತ 2023ರಲ್ಲಿ ಅಮೆರಿಕದ ಒಂದು ಅಧ್ಯಯನ ಹೇಳಿತು. ಕಾರಣ ಅದೇ ಅಂತ ಸಾಬೀತಾಗಿಲ್ಲ. ಆದರೆ ಕುರಿ ಮರಿಯ ಮಿದುಳಿನ ಮೇಲೆ ಆ ವಿಷ ಏನು ಮಾಡುತ್ತದೆ ಅಂತ ಗೊತ್ತಿರುವವರಿಗೆ ಆ ಸುದ್ದಿಯನ್ನು ಸುಮ್ನೆ ದಾಟಿ ಹೋಗಲು ಆಗುವುದಿಲ್ಲ.

ಬಳೆಯೇ ಮುಖ್ಯ ಅನ್ನುವುದಾದರೆ ಹಟ್ಟಿಯಲ್ಲಿ ಏನು ಬದಲಾಗಬೇಕು? ಮೊದಲನೆಯದು ಲಸಿಕೆ. ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ ಇ.ಟಿ. ಲಸಿಕೆ ತಯಾರಿಸುತ್ತದೆ. ಅದು ನಾವು ಗಾಯವಾದಾಗ ಹಾಕಿಸಿಕೊಳ್ಳುವ ಟಿಟಿ ಇಂಜೆಕ್ಷನ್ ಥರವೇ. ಹಲ್ಲು ಕಿತ್ತ ವಿಷವನ್ನು ಮೈಗೆ ಪರಿಚಯ ಮಾಡಿಸುತ್ತದೆ. ಹೇಳಬೇಕೆಂದರೆ ಟೆಟನಸ್ ವಿಷದ ಜೀನ್ ಕೂಡ ಒಂದು ಪ್ಲಾಸ್ಮಿಡ್‌ನಲ್ಲೇ ಇದೆ. ಮುಂಗಾರಿಗೆ ಮುಂಚೆ, ಹೊಸ ಹುಲ್ಲು ಏಳುವ ಮೊದಲು ಹಾಕಿಸಬೇಕು. ಮೊದಲ ಸಲವಾದರೆ ಕೆಲವು ವಾರದಲ್ಲಿ ಎರಡನೇ ಡೋಸ್ ಬೇಕೇ ಬೇಕು. ಅದನ್ನು ತಪ್ಪಿಸಿದರೆ ಮೊದಲನೆಯದು ಹಾಕಿಸಿಯೂ ಹೆಚ್ಚು ಲಾಭವಿಲ್ಲ. ಗಬ್ಬದ ಕುರಿಗೆ ಈಯುವ ತಿಂಗಳ ಮುಂಚೆ ಹಾಕಿಸಿದರೆ ಗಿಣ್ಣು ಹಾಲಿನಲ್ಲಿ ಮರಿಗೂ ರಕ್ಷಣೆ ಸಿಗುತ್ತದೆ. ಊರೂರು ತಿರುಗುವ ಹಿಂಡುಗಳಿಗೆ ಈ ಎರಡನೇ ಡೋಸೇ ಕಷ್ಟ. ಅಷ್ಟರಲ್ಲಿ ಹಿಂಡು ಬೇರೆ ತಾಲ್ಲೂಕಿನಲ್ಲಿರುತ್ತದೆ. ಲಸಿಕೆಯ ಪಟ್ಟಿ ಹಿಂಡಿನ ದಾರಿಯನ್ನು ಹಿಂಬಾಲಿಸಬೇಕು.

ಎರಡನೆಯದು ಪರೀಕ್ಷೆ. ಸತ್ತ ಮರಿಯ ಕರುಳಿನಲ್ಲಿ ಪರ್ಫ್ರಿಂಜೆನ್ಸ್ ಸಿಕ್ಕಿತು ಅನ್ನುವ ಒಂದು ಸಾಲಿನ ವರದಿಯಿಂದ ಏನೂ ಗೊತ್ತಾಗುವುದಿಲ್ಲ. ಅದು ಬದುಕಿರುವ ಕುರಿಯಲ್ಲೂ ಸಿಗುತ್ತದೆ. ಸತ್ತು ಕೆಲವೇ ಗಂಟೆಯಲ್ಲಿ ಹೆಣದ ತುಂಬ ತಾನೇ ಹರಡಿರುತ್ತದೆ. ಕರುಳಿನ ರಸದಲ್ಲಿ ಎಪ್ಸಿಲಾನ್ ವಿಷ ಇದೆಯಾ, ಬ್ಯಾಕ್ಟೀರಿಯಾದಲ್ಲಿ ಅದರ ಜೀನ್ ಇದೆಯಾ ಅಂತ ಎಲೈಸಾ ಮತ್ತು ಪಿಸಿಆರ್ ಪರೀಕ್ಷೆ ಹೇಳುತ್ತವೆ. ಹಾಗಾಗಿ ಮರಿ ಸತ್ತದ್ದು ಗೊತ್ತಾದ ತಕ್ಷಣ ಪಶು ಆಸ್ಪತ್ರೆಗೆ ಫೋನ್ ಮಾಡಿ. ನೀವೇ ಹೊಟ್ಟೆ ಕುಯ್ಯಬೇಡಿ. ಮೂಗು, ಬಾಯಿ, ಗುದದಿಂದ ಕಪ್ಪು ರಕ್ತ ಸೋರುತ್ತಿದ್ದರೆ ಅದು ಆಂಥ್ರಾಕ್ಸ್ ಇರಬಹುದು. ಅದು ಮನುಷ್ಯರಿಗೂ ಹತ್ತುತ್ತದೆ. ಅದರ ವಿಷದ ಜೀನ್ ಕೂಡ ಒಂದು ಬಳೆಯಲ್ಲೇ ಕೂತಿದೆ. ಅಂಥ ಗುರುತು ಏನೂ ಇಲ್ಲದಿದ್ದರೆ ವೈದ್ಯರು ಸಣ್ಣ ಕರುಳಿನ ಒಂದು ತುಂಡನ್ನು ಎರಡೂ ಕಡೆ ಗಂಟು ಕಟ್ಟಿ, ಐಸ್ ಮೇಲಿಟ್ಟು ಕಳಿಸುತ್ತಾರೆ. ವರದಿ ಬಂದಾಗ ಬ್ಯಾಕ್ಟೀರಿಯಾದ ಹೆಸರಿಗೆ ನಿಲ್ಲಿಸದೆ ಇನ್ನೊಂದು ಮಾತು ಕೇಳಿ: ಟೈಪ್ ಯಾವುದು, ಎಪ್ಸಿಲಾನ್ ಇತ್ತಾ?